ಹಲಗೆ ದೋಣಿಗೆ ಯಾವ ಬಣ್ಣ, ಸಂದಿಗೆ ಯಾವ ಸೀಲರ್? ಎಪಾಕ್ಸಿ ಬಳಿಯಬಹುದಾ?

ಕೆರೆದಂಡೆ_ಚನ್ನಗಿರಿ
ಎಲ್ಲರಿಗೂ ನಮಸ್ಕಾರ. ನಮ್ಮದು ಸೂಳೆಕೆರೆ ಪಕ್ಕದ ಹಳ್ಳಿ. ಮನೆಯಲ್ಲಿ ಒಂದು ಹಲಗೆ ದೋಣಿ ಇದೆ, 16 ಅಡಿ ಉದ್ದ. ತಳ ಮತ್ತು ಪಕ್ಕ ಮತ್ತಿ ಮರದ ಹಲಗೆ, ಮೇಲಿನ ಅಂಚು ಮಾತ್ರ ಸಾಗುವಾನಿ. ಕಬ್ಬಿಣದ ಮೊಳೆ. ಹೊನ್ನಾಳಿ ಕಡೆ ಹೊಳೆಯಲ್ಲಿ ಓಡುತ್ತಿದ್ದದ್ದನ್ನು ನಮ್ಮ ಮಾವ ಕೊಂಡು ತಂದಿದ್ದರು. ಮೀನು ಹಿಡಿಯುವುದಕ್ಕೆ ಬಳಸುತ್ತೇವೆ. ವರ್ಷದಲ್ಲಿ ಹೆಚ್ಚು ಕಾಲ ನೀರಿನಲ್ಲೇ ಇರುತ್ತದೆ, ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ದಡಕ್ಕೆ ಎಳೆಯುತ್ತೇವೆ.

ಈಗ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ. ತಳದ ಎರಡು ಸಂದಿನಲ್ಲಿ ನೀರು ಜಿನುಗುತ್ತದೆ. ದಾವಣಗೆರೆಯಲ್ಲಿ ಒಂದು ಅಂಗಡಿಯವರು ಎನಾಮಲ್ ಎರಡು ಕೋಟ್ ಹೊಡೆಯಿರಿ ಸಾಕು ಎಂದರು. ಇನ್ನೊಂದು ಅಂಗಡಿಯವರು ಎಪಾಕ್ಸಿ (ಎರಡು ಭಾಗ ಕಲಸಿ ಬಳಿಯುವ, ಗಟ್ಟಿಯಾಗುವ ಅಂಟು) ಬಳಿದರೆ ಹತ್ತು ವರ್ಷ ಮುಟ್ಟುವುದೇ ಬೇಡ ಎಂದರು. ನಮ್ಮ ಅಳಿಯನ ಸ್ನೇಹಿತ ಪೂರ್ತಿ ಫೈಬರ್ (ರೆಸಿನ್ ಅಂಟಿನಲ್ಲಿ ನೆನೆಸಿದ ಗಾಜಿನ ಬಟ್ಟೆ) ಹೊದಿಸಿಬಿಡೋಣ ಅನ್ನುತ್ತಾನೆ. ಮೂರೂ ಬೇರೆ ಬೇರೆ ದುಡ್ಡು, ಬೇರೆ ಬೇರೆ ಕೆಲಸ. ಯಾರ ಮಾತು ಕೇಳಬೇಕು? ಮರದ ದೋಣಿ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ಜಗಳೂರು_ಗಾಳಿ
ಫೋಟೋ ಹಾಕಿ ಅಣ್ಣ. ಸಂದು ಎಷ್ಟು ಅಗಲ ಇದೆ ಅಂತ ಕಾಣಿಸಲಿ.

ಪೇಂಟರ್_ನಿಟ್ಟುವಳ್ಳಿ
ಎನಾಮಲ್ ಸಾಕು ರೀ. ಚೆನ್ನಾಗಿ ಸ್ಯಾಂಡ್ ಪೇಪರ್ ಹೊಡೆದು, ವುಡ್ ಪ್ರೈಮರ್ ಒಂದು ಕೋಟ್, ಎನಾಮಲ್ ಎರಡು ಕೋಟ್. ಮನೆ ಬಾಗಿಲು ಕಿಟಕಿ ಮಳೆಯಲ್ಲಿ ನಿಲ್ಲುವುದಿಲ್ಲವೇ? ದೋಣಿಗೂ ಅದೇ ಲೆಕ್ಕ.

ಬಡಗಿ_ಹೊನ್ನಾಳಿ
ಅದೇ ಲೆಕ್ಕ ಅಲ್ಲ ಅಣ್ಣಾರೆ. ಬಾಗಿಲಿಗೆ ಮಳೆ ಬಡಿಯುತ್ತದೆ, ಒಣಗುತ್ತದೆ. ದೋಣಿಯ ತಳ ತಿಂಗಳುಗಟ್ಟಲೆ ನೀರಿನೊಳಗೇ ಇರುತ್ತದೆ. ಸಾಮಾನ್ಯ ಎನಾಮಲ್ ಅಲ್ಕಿಡ್ ಬಣ್ಣ, ಅಂದರೆ ಎಣ್ಣೆ ಮೂಲದ್ದು. ನೀರಿನ ಮೇಲಿನ ಭಾಗಕ್ಕೆ ಚೆನ್ನ. ಸದಾ ಮುಳುಗಿರುವ ಕಡೆ ಮೆತ್ತಗಾಗಿ ಗುಳ್ಳೆ ಏಳುತ್ತದೆ. ಇವರ ದೋಣಿಯಲ್ಲಿ ಚಕ್ಕೆ ಏಳುತ್ತಿರುವುದಕ್ಕೆ ಅದೂ ಒಂದು ಕಾರಣ ಇರಬಹುದು.

ಚನ್ನಗಿರಿ ಅಣ್ಣ, ನೀವು ಎಪಾಕ್ಸಿ ಡಬ್ಬ ಕೊಳ್ಳುವ ಮೊದಲು ಇದನ್ನು ಪೂರ್ತಿ ಓದಿ. ನಿಮ್ಮದು ಹಲಗೆ ಹಲಗೆ ಜೋಡಿಸಿದ ದೋಣಿ. ಇಂಥ ದೋಣಿ ನೀರು ತಡೆಯುವುದು ಬಣ್ಣದಿಂದ ಅಲ್ಲ, ಹಲಗೆ ಉಬ್ಬುವುದರಿಂದ. ನೀರಿಗೆ ಇಳಿಸಿದಾಗ ಮರ ನೀರು ಕುಡಿದು ಅಡ್ಡಕ್ಕೆ ಉಬ್ಬುತ್ತದೆ. ಉದ್ದಕ್ಕೆ ಉಬ್ಬುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಾಗೆ ಉಬ್ಬಿ ಒಂದು ಹಲಗೆ ಇನ್ನೊಂದನ್ನು ಒತ್ತಿ ಸಂದು ಮುಚ್ಚುತ್ತದೆ. ಬೇಸಿಗೆಯಲ್ಲಿ ದಡಕ್ಕೆ ಎಳೆದರೆ ಒಣಗಿ ಕುಗ್ಗುತ್ತದೆ, ಸಂದು ಬಾಯಿ ಬಿಡುತ್ತದೆ. ವರ್ಷಕ್ಕೊಮ್ಮೆ ಇದು ನಡೆದೇ ನಡೆಯುತ್ತದೆ. ಎಪಾಕ್ಸಿ ಗಟ್ಟಿಯಾದ ಮೇಲೆ ಅಲುಗಾಡುವುದಿಲ್ಲ, ಹಲಗೆ ಅಲುಗಾಡುತ್ತದೆ. ಸಂದಿನ ಗೆರೆಯುದ್ದಕ್ಕೂ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಒಳಗೆ ಹೋದ ನೀರು ಹೊರಗೆ ಬರುವುದಕ್ಕೆ ದಾರಿ ಇರುವುದಿಲ್ಲ. ಮೇಲೆ ಹೊಳೆಯುತ್ತಿರುತ್ತದೆ, ಒಳಗೆ ಮರ ಲಡ್ಡಾಗುತ್ತದೆ.

ಫೈಬರ್ ಹೊದಿಸುವುದೂ ಅದೇ ಕಥೆ, ಇನ್ನೂ ಕೆಟ್ಟದ್ದು. ನಮ್ಮ ಕಡೆ ಫೈಬರ್ ಅಂಗಡಿಯವರು ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದು ಮರಕ್ಕೆ ಸರಿಯಾಗಿ ಹಿಡಿಯುವುದಿಲ್ಲ.

ಫೈಬರ್_ಹರಿಹರ
ಬಡಗಿ ಅವರೇ, ಎಪಾಕ್ಸಿ ಎಂದ ಕೂಡಲೇ ಕೆಟ್ಟದ್ದು ಅನ್ನಬೇಡಿ. ನಾನು ಪ್ಲೈವುಡ್‌ನಲ್ಲಿ ಚಿಕ್ಕ ದೋಣಿ ಮಾಡಿ ಎಪಾಕ್ಸಿ ಬಳಿದಿದ್ದೇನೆ. ಹೊಳೆಯಲ್ಲಿ ಓಡಿಸುತ್ತೇನೆ. ಒಂದು ಹನಿ ನೀರು ಒಳಗೆ ಬಂದಿಲ್ಲ. ಒಳಗೆ, ಹೊರಗೆ, ಪ್ಲೈ ಅಂಚಿಗೆ, ಸ್ಕ್ರೂ ತೂತಿನೊಳಗೆ, ಎಲ್ಲ ಕಡೆ ಕುಡಿಸಿದ್ದೇನೆ. ಸಂದಿಗೆ ಗಾಜಿನ ಬಟ್ಟೆ ಪಟ್ಟಿ. ಇಡೀ ದೋಣಿ ಒಂದೇ ತುಂಡಾಗಿ ಕೂತಿದೆ.

ಬಡಗಿ_ಹೊನ್ನಾಳಿ
@ಫೈಬರ್_ಹರಿಹರ ನಿಮ್ಮ ಮಾತು ನೂರಕ್ಕೆ ನೂರು ಸರಿ, ಆದರೆ ಪ್ಲೈ ದೋಣಿಗೆ. ಪ್ಲೈನಲ್ಲಿ ಪದರ ಅಡ್ಡ, ಉದ್ದ, ಅಡ್ಡ ಅಂತ ಅಂಟಿಸಿರುತ್ತಾರೆ, ಅದಕ್ಕೇ ಅದು ಉಬ್ಬುವುದು ಕುಗ್ಗುವುದು ತೀರಾ ಕಡಿಮೆ. ಅಲ್ಲಿ ಎಪಾಕ್ಸಿಯೇ ಸರಿ, ಎನಾಮಲ್ ಒಂದೇ ಹೊಡೆದರೆ ಅಂಚಿನಿಂದ ಪದರ ಬಿಚ್ಚಿಕೊಳ್ಳುತ್ತದೆ. ಹಳೆಯ ಹಲಗೆ ದೋಣಿ ಬೇರೆಯದೇ ಜಾತಿ.

ಜಗಳೂರು_ಗಾಳಿ
ಹಾಗಾದರೆ ಅಂಗಡಿಯವರು ಮೊದಲು ಕೇಳಬೇಕಾದ್ದು ಹಲಗೆಯೋ ಪ್ಲೈಯೋ ಅಂತ. ಯಾರೂ ಕೇಳಲ್ಲ.

ಫೈಬರ್_ಹರಿಹರ
ಒಪ್ಪಿದೆ. ಇಲ್ಲಿ ಪ್ಲೈ ದೋಣಿ ಮಾಡುವವರು ಯಾರಾದರೂ ಇದ್ದರೆ ಎರಡು ಮಾತು. ಪ್ಲೈ ಮೇಲೆ ಐಎಸ್ 710 (ಭಾರತೀಯ ಮಾನಕದ ನಂಬರ್) ಅಂತ ಇದೆಯಾ ನೋಡಿ, ಅದು ಮರೀನ್ ಪ್ಲೈ. ಐಎಸ್ 303 ಅಂತ ಇದ್ದರೆ ಅಡುಗೆಮನೆ ಕಪಾಟಿಗೆ ಸರಿ, ದೋಣಿಗಲ್ಲ. ಇನ್ನೊಂದು, ಎಪಾಕ್ಸಿ ಬಳಿದು ಹಾಗೇ ಬಿಟ್ಟರೆ ಬಿಸಿಲಿಗೆ ಹಳದಿಯಾಗಿ ಪುಡಿಯಾಗುತ್ತದೆ. ಮೇಲೆ ಬಣ್ಣ ಇರಲೇಬೇಕು. ಬಣ್ಣ ಹೊಡೆಯುವ ಮೊದಲು ಬರೀ ನೀರಿನಲ್ಲಿ ಉಜ್ಜಿ ತೊಳೆಯಿರಿ. ಎಪಾಕ್ಸಿ ಒಣಗುವಾಗ ಮೇಲೆ ಜಿಡ್ಡಿನಂಥ ಪದರ ಬರುತ್ತದೆ, ಅದು ತಿನ್ನರ್‌ಗೆ ಹೋಗುವುದಿಲ್ಲ, ನೀರಿಗೆ ಹೋಗುತ್ತದೆ. ಅದರ ಮೇಲೇ ಪೇಪರ್ ಹೊಡೆದರೆ ಜಿಡ್ಡನ್ನು ಇನ್ನೂ ಒಳಗೆ ತಿಕ್ಕಿದ ಹಾಗೆ.

ಬೇಸಿಗೆಯಲ್ಲಿ ಒಟ್ಟಿಗೆ ಜಾಸ್ತಿ ಕಲಸಬೇಡಿ. ಬಿಸಿ ಹತ್ತು ಡಿಗ್ರಿ ಏರಿದರೆ ಗಟ್ಟಿಯಾಗುವ ಸಮಯ ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಡಬ್ಬದಲ್ಲೇ ಹೊಗೆಯಾಡಿ ಕಲ್ಲಾಗುತ್ತದೆ. ಅಗಲವಾದ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಕಲಸಿ.

ಹಿರಿಯೂರು_ಮಾರಿಕಣಿವೆ
ನಮ್ಮ ಕಡೆ ಹರಿಗೋಲಿಗೆ ಡಾಂಬರು ಬಳಿಯುತ್ತಾರೆ. ಬಿದಿರು ಹೆಣೆದು, ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿ, ಡಾಂಬರು. ಮೊದಲು ಚರ್ಮ ಹೊದಿಸುತ್ತಿದ್ದರಂತೆ. ನೀರು ಎಲ್ಲಿಂದ ಬರಬೇಕು? ಹಲಗೆ ದೋಣಿಗೂ ಡಾಂಬರು ಬಳಿದರೆ ಕಡಿಮೆ ಖರ್ಚಲ್ಲಿ ಮುಗಿಯಿತು.

ಪೇಂಟರ್_ನಿಟ್ಟುವಳ್ಳಿ
ಡಾಂಬರು ಬೇಡ ಮಾರಾಯರೇ. ಒಂದು ಸಲ ಡಾಂಬರು ಬಳಿದ ಮರದ ಮೇಲೆ ಮುಂದೆ ಯಾವ ಬಣ್ಣವೂ ಕೂರುವುದಿಲ್ಲ. ಬಿಳಿ ಹೊಡೆದರೆ ವಾರದಲ್ಲಿ ಕಂದು ಕಲೆ ಮೇಲೆ ಬರುತ್ತದೆ. ಅದನ್ನು ಕೆರೆದು ತೆಗೆಯುವ ಕೆಲಸ ಯಾವ ಪೇಂಟರ್‌ಗೂ ಬೇಡ.

ಬಡಗಿ_ಹೊನ್ನಾಳಿ
ಮಾರಿಕಣಿವೆ ಅಣ್ಣ, ಹರಿಗೋಲಿಗೆ ನೀವು ಹೇಳಿದ್ದು ಸರಿ. ಬಿದಿರು ಬಾಗುತ್ತದೆ, ಡಾಂಬರೂ ಅದರ ಜೊತೆ ಬಾಗುತ್ತದೆ. ಆದರೆ ರಸ್ತೆಗೆ ಹಾಕುವ ಡಾಂಬರು 47 ಡಿಗ್ರಿ ಹತ್ತಿರವೇ ಮೆತ್ತಗಾಗಲು ಶುರು. ಏಪ್ರಿಲ್‌ನಲ್ಲಿ ಮಗುಚಿ ಹಾಕಿದ ಕಪ್ಪು ದೋಣಿಯ ಬೆನ್ನು ಅದಕ್ಕಿಂತ ಜಾಸ್ತಿ ಕಾಯುತ್ತದೆ. ಸಂದಿನಲ್ಲಿ ತುಂಬಿದ್ದು ಇಳಿದು ಹೋಗುತ್ತದೆ. ಬಟ್ಟೆ, ಬಲೆ, ಕೈ ಎಲ್ಲ ಕಪ್ಪು.

ಹಿರಿಯೂರು_ಮಾರಿಕಣಿವೆ
ಸರಿ ಸರಿ. ಆದರೆ ನಮ್ಮ ವಾಣಿವಿಲಾಸ ಸಾಗರದಲ್ಲಿ ಹರಿಗೋಲೇ ರಾಜ. 2022ರಲ್ಲಿ ಕೋಡಿ ಬಿದ್ದಾಗ ನೋಡಬೇಕಿತ್ತು ನೀವು. 1933 ಆದ ಮೇಲೆ ಕೋಡಿ ಬಿದ್ದದ್ದು ಆಗಲೇ. 89 ವರ್ಷ. ಹಿರಿಯೂರು, ಹೊಸದುರ್ಗದಿಂದ ಜನ ಟ್ರ್ಯಾಕ್ಟರ್ ಮಾಡಿಕೊಂಡು ಬಂದಿದ್ದರು. ಅಣೆಕಟ್ಟು 1907ರಲ್ಲಿ ಮುಗಿದದ್ದು, ನಮ್ಮ ಅಜ್ಜನೂ ಕೋಡಿ ನೋಡಿರಲಿಲ್ಲ.

ಜಗಳೂರು_ಗಾಳಿ
2025ರ ಜನವರಿಯಲ್ಲಿ ಮತ್ತೆ ಬಿತ್ತಲ್ಲ ಅಣ್ಣ. ನಮ್ಮ ತಾಲೂಕಿಗೆ ಯಾವಾಗ ಇಂಥ ಭಾಗ್ಯವೋ.

ಕೋಟೆಬೀದಿ_ದುರ್ಗ
ದೋಣಿ ಮಾತಿಗೆ ಬನ್ನಿ ಎಲ್ಲರೂ.

ಕುಂದಾಪುರದ_ಸೊಸೆ
ನಾನು ಕುಂದಾಪುರದವಳು, ಮದುವೆಯಾಗಿ ದಾವಣಗೆರೆಗೆ ಬಂದೆ. ನಮ್ಮ ಅಪ್ಪಯ್ಯನ ಕಡೆಯವರೆಲ್ಲ ಮೀನುಗಾರಿಕೆ. ನಮ್ಮಲ್ಲಿ ಮರದ ದೋಣಿಗೆ ಬೈಗೆ ಮೀನಿನ ಎಣ್ಣೆ, ಇಲ್ಲದಿದ್ದರೆ ಗೇರು ಸಿಪ್ಪೆಯ ಎಣ್ಣೆ ಹಚ್ಚುವುದು ರೂಢಿ. ಗೇರೆಣ್ಣೆ ಕಪ್ಪಗೆ, ಗಟ್ಟಿಯಾಗಿ, ಕಟು ವಾಸನೆ. ಮರದೊಳಗೆ ಇಳಿಯುತ್ತದೆ, ಹುಳ ಮುಟ್ಟುವುದಿಲ್ಲ. ಸಂದಿಗೆ ಹತ್ತಿ ತುರುಕಿ ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ಮೆತ್ತುತ್ತಾರೆ. ಒಣಗಿದ ಮೇಲೂ ಸ್ವಲ್ಪ ಮೆದುವಾಗಿಯೇ ಇರುತ್ತದೆ. ಬಡಗಿ ಅಣ್ಣ ಹೇಳಿದ ಉಬ್ಬುವ ಕುಗ್ಗುವ ಆಟಕ್ಕೆ ಅದು ಹೊಂದಿಕೊಳ್ಳುತ್ತದೆ.

ಒಂದೇ ಎಚ್ಚರಿಕೆ. ಗೇರೆಣ್ಣೆ ಬರಿಗೈಯಲ್ಲಿ ಮುಟ್ಟಬೇಡಿ. ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಕೈಗವಸು ಬೇಕೇ ಬೇಕು, ಹಚ್ಚಿದ ಕೈಯನ್ನು ಮುಖಕ್ಕೆ ತರಬಾರದು. ಗೇರು ಕಾರ್ಖಾನೆಯಲ್ಲಿ ಕೆಲಸ ಮಾಡಿದ ಹೆಂಗಸರ ಬೆರಳು ನೋಡಿದವರಿಗೆ ಇದು ಗೊತ್ತು.

ಕೆರೆದಂಡೆ_ಚನ್ನಗಿರಿ
ಅಕ್ಕ, ತುಂಬಾ ಉಪಯೋಗದ ಮಾತು. ಆದರೆ ಮೀನೆಣ್ಣೆ ವಾಸನೆಗೆ ನಾಯಿ ಬರುವುದಿಲ್ಲವೇ?

ಕುಂದಾಪುರದ_ಸೊಸೆ
ಬರುತ್ತವೆ ತಮ್ಮ. ಮೊದಮೊದಲು ನೆಕ್ಕುವುದಕ್ಕೂ ನೋಡುತ್ತವೆ. ಎಣ್ಣೆ ಒಣಗಿದ ಮೇಲೆ ಕಡಿಮೆ. ನಿಮಗೆ ಕಷ್ಟ ಅನಿಸಿದರೆ ಅಗಸೆ ಎಣ್ಣೆ ನೋಡಿ, ನಿಮ್ಮ ಕಡೆ ಸುಲಭವಾಗಿ ಸಿಗುತ್ತದೆ ಅಲ್ವಾ.

ಮೇಷ್ಟ್ರು_ರಸಾಯನ
ಅಗಸೆ ಎಣ್ಣೆ ಬಳಸುವವರು ಎರಡು ಸಂಗತಿ ತಿಳಿದಿರಲಿ. ಗಾಣದ ಹಸಿ ಎಣ್ಣೆ ಒಣಗುವುದಕ್ಕೆ ವಾರಗಟ್ಟಲೆ ಬೇಕು, ಆಮೇಲೂ ಅದರ ಮೇಲೆ ಕಪ್ಪು ಬೂಷ್ಟು ಬರುತ್ತದೆ. ಅಂಗಡಿಯಲ್ಲಿ ಬಾಯ್ಲ್ಡ್ ಲಿನ್ಸೀಡ್ ಅಂತ ಕೇಳಿ. ಅದಕ್ಕೆ ಬೇಗ ಒಣಗಿಸುವ ಲೋಹದ ಲವಣ ಸೇರಿಸಿರುತ್ತಾರೆ, ದಿನ ಎರಡು ದಿನದಲ್ಲಿ ಒಣಗುತ್ತದೆ. ಅದನ್ನು ಅಡುಗೆಗೆ ಬಳಸಬಾರದು, ಮನೆಯಲ್ಲಿ ಬಾಟಲಿ ಬೇರೆ ಇಡಿ.

ಎರಡನೆಯದು ಇನ್ನೂ ಮುಖ್ಯ. ಅಗಸೆ ಎಣ್ಣೆ ಒಣಗುವುದು ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕ ಸೇರಿಕೊಂಡು. ಆಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಹೊರಗೆ ಹೋಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಬೆಂಕಿಕಡ್ಡಿಯೇ ಬೇಡ. ಹುಲ್ಲಿನ ಬಣವೆ ಪಕ್ಕ ದೋಣಿ ಇಟ್ಟು ಕೆಲಸ ಮಾಡುವವರು ಇದನ್ನು ಮರೆಯಲೇಬಾರದು. ಬಟ್ಟೆಯನ್ನು ಹರಡಿ ಒಂದೊಂದಾಗಿ ಒಣಗಿಸಿ, ಅಥವಾ ನೀರಿನ ಬಕೆಟ್‌ಗೆ ಹಾಕಿ.

ಹಳೆ ಬಣ್ಣದ ವಿಷಯವನ್ನೂ ಹೇಳಿಬಿಡುತ್ತೇನೆ. ಹಳೆ ದೋಣಿಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ನಮ್ಮ ದೇಶದಲ್ಲಿ ಮನೆ ಬಣ್ಣಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಸೀಸದ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಿಂದ. ಅದಕ್ಕಿಂತ ಹಿಂದಿನ ಬಣ್ಣ, ಅದರಲ್ಲೂ ದೋಣಿಗೆ ಹೊಡೆಯುತ್ತಿದ್ದ ಕೆಂಪು ಸೀಸದ ಪ್ರೈಮರ್, ಒಣಗಿದಂತೆಯೇ ಉಜ್ಜಿದರೆ ಆ ಧೂಳು ನೇರವಾಗಿ ಎದೆಯೊಳಗೆ ಹೋಗುತ್ತದೆ. ನೀರು ಚಿಮುಕಿಸಿ ಒದ್ದೆ ಪೇಪರ್ ಹೊಡೆಯಿರಿ. ಬೆಂಕಿ ಹಿಡಿದು ಸುಡಬೇಡಿ, ಸೀಸದ ಹೊಗೆ ಇನ್ನೂ ಅಪಾಯ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಕೋಟೆಬೀದಿ_ದುರ್ಗ
ಮೇಷ್ಟ್ರು ಹೇಳಿದ್ದಕ್ಕೆ ನನ್ನದೂ ಒಂದು ಮಾತು ಸೇರಿಸಿಕೊಳ್ಳಿ. ದಯವಿಟ್ಟು ಕೆರೆ ದಂಡೆಯಲ್ಲಿ ಕೆರೆಯಬೇಡಿ. ಚಿತ್ರದುರ್ಗದ ನಮ್ಮ ನಲ್ಲಿಗೆ ಬರುವುದು ನಿಮ್ಮ ಸೂಳೆಕೆರೆ ನೀರು. ಕೆಳಗೆ ತಾಡಪಾಲು ಹಾಸಿ, ಚಕ್ಕೆ ಪುಡಿ ಎಲ್ಲ ಗುಡಿಸಿ ಚೀಲದಲ್ಲಿ ಕಟ್ಟಿ. ಅದನ್ನು ಒಲೆಗೂ ಹಾಕಬೇಡಿ.

ಫೈಬರ್_ಹರಿಹರ
ನಮ್ಮ ಕಡೆಗೂ ಬರುತ್ತದೆ. ಕೆರೆಯಿಂದ ಹೊರಟ ಹರಿದ್ರಾ ಹರಿಹರದ ಹತ್ತಿರವೇ ತುಂಗಭದ್ರೆ ಸೇರುವುದು.

ಕೆರೆದಂಡೆ_ಚನ್ನಗಿರಿ
ಖಂಡಿತ ಅಣ್ಣ. ದೋಣಿಯನ್ನು ಟ್ರ್ಯಾಕ್ಟರ್‌ನಲ್ಲಿ ಮನೆ ಕಣಕ್ಕೆ ತರುತ್ತೇನೆ, ಅಲ್ಲೇ ಕೆಲಸ. ಇನ್ನೊಂದು ಪ್ರಶ್ನೆ. ಒಬ್ಬರು ಪಾಚಿ ಹಿಡಿಯದ ತಾಮ್ರದ ಬಣ್ಣ ಬರುತ್ತದೆ, ತಳಕ್ಕೆ ಅದನ್ನೇ ಹೊಡೆಯಿರಿ ಎಂದರು. ಬೇಕಾ?

ಕುಂದಾಪುರದ_ಸೊಸೆ
ಬೇಡ ತಮ್ಮ. ಅದು ಸಮುದ್ರಕ್ಕೆ. ಉಪ್ಪು ನೀರಿನಲ್ಲಿ ಚಿಪ್ಪು ಅಂಟುತ್ತದೆ, ಮರ ಕೊರೆಯುವ ಹುಳ ಇರುತ್ತದೆ, ಅದಕ್ಕೆ ತಾಮ್ರ. ಆ ಹುಳ ಕೆರೆ ನೀರಿನಲ್ಲಿ ಬದುಕುವುದಿಲ್ಲ.

ಮೇಷ್ಟ್ರು_ರಸಾಯನ
ಅದರ ಕೆಲಸವೇ ನೀರಿಗೆ ತಾಮ್ರ ಬಿಡುವುದು. ಕುಡಿಯುವ ನೀರಿನ ಕೆರೆಗೆ ಅದು ಬೇಡವೇ ಬೇಡ. ಪಾಚಿಯನ್ನು ತೆಂಗಿನ ನಾರಿನಲ್ಲಿ ಉಜ್ಜಿದರೆ ಹೋಗುತ್ತದೆ.

ಪೇಂಟರ್_ನಿಟ್ಟುವಳ್ಳಿ
ನನ್ನದೊಂದು ಅನುಮಾನ. ಕೆಂಪು ಸೀಸ ಬೇಡ ಅಂದರೆ ಪ್ರೈಮರ್‌ಗೆ ರೆಡ್ ಆಕ್ಸೈಡ್ ಹೊಡೆಯಬಹುದಲ್ಲ? ನೋಡಲು ಎರಡೂ ಒಂದೇ ಥರ.

ಬಡಗಿ_ಹೊನ್ನಾಳಿ
ಬಣ್ಣ ಒಂದೇ ಥರ, ಕೆಲಸ ಬೇರೆ. ಗೇಟಿಗೆ, ಕಬ್ಬಿಣದ ಕಿಟಕಿಗೆ ಹೊಡೆಯುವ ರೆಡ್ ಆಕ್ಸೈಡ್ ಕಬ್ಬಿಣಕ್ಕೆ ಮಾಡಿದ್ದು. ಮರಕ್ಕೆ ಎಣ್ಣೆ ಮೂಲದ ವುಡ್ ಪ್ರೈಮರ್ ತಗೊಳ್ಳಿ. ಮೊದಲ ಕೋಟ್‌ಗೆ ಟರ್ಪಂಟೈನ್ ಸ್ವಲ್ಪ ಜಾಸ್ತಿ ಬೆರೆಸಿ ತೆಳ್ಳಗೆ ಮಾಡಿ, ಮರ ಕುಡಿಯಲಿ. ಹಲಗೆಯ ತುದಿ ಅಡ್ಡ ಕೊಯ್ದ ಕಡೆ ಮತ್ತೆ ಮತ್ತೆ ಹಚ್ಚಿ. ನೀರು ಒಳಗೆ ಹೋಗುವುದು ಆ ತುದಿಯಿಂದಲೇ ಜಾಸ್ತಿ.

ಇನ್ನು ಗೋಡೆ ಪುಟ್ಟಿ ತಂದು ಮರಕ್ಕೆ ಮೆತ್ತಬೇಡಿ. ಅದು ಬಿಳಿ ಸಿಮೆಂಟು. ಮೊಳೆ ತಲೆಯ ಗುಳಿಗೆ ಚಾಕ್ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಚಪಾತಿ ಹಿಟ್ಟಿನಂತೆ ನಾದಿ ತುಂಬಿ.

ಕೆರೆದಂಡೆ_ಚನ್ನಗಿರಿ
ಮೊಳೆ ಸುತ್ತ ಮರ ಕಪ್ಪಾಗಿದೆ ಅಣ್ಣ. ಕೆಲವು ಕಡೆ ಉಗುರು ಒತ್ತಿದರೆ ಒಳಗೆ ಹೋಗುತ್ತದೆ.

ಬಡಗಿ_ಹೊನ್ನಾಳಿ
ಹಾಗಾದರೆ ಬಣ್ಣ ಆಮೇಲೆ. ಮೊದಲು ಸೂಜಿಮೊನೆಯ ಉಳಿ ಅಥವಾ ಸ್ಕ್ರೂಡ್ರೈವರ್ ಹಿಡಿದು ತಳದಲ್ಲಿ ಗೇಣಿಗೊಂದು ಕಡೆ ಚುಚ್ಚಿ ನೋಡಿ. ಗಟ್ಟಿ ಮರ ಟಕ್ ಅನ್ನುತ್ತದೆ, ಮೊನೆ ಒಳಗೆ ಇಳಿಯುವುದಿಲ್ಲ. ಕೆಟ್ಟ ಮರ ಸದ್ದೇ ಮಾಡುವುದಿಲ್ಲ, ಮೊನೆ ಎಳೆದರೆ ಚಿಕ್ಕ ಚಿಕ್ಕ ಚೌಕದ ತುಂಡಾಗಿ ಬರುತ್ತದೆ, ಎಳೆ ಇರುವುದಿಲ್ಲ. ಅಂಥ ಕಡೆ ಯಾವ ಡಬ್ಬ ಸುರಿದರೂ ಪ್ರಯೋಜನ ಇಲ್ಲ. ಗಟ್ಟಿ ಮರ ಸಿಗುವವರೆಗೆ ಕಡಿದು ಹೊಸ ತುಂಡು ಕೂರಿಸಬೇಕು. ತುಕ್ಕು ಹಿಡಿದ ಮೊಳೆ ಕಿತ್ತು, ಅದೇ ತೂತಿಗಲ್ಲ, ಸ್ವಲ್ಪ ಪಕ್ಕಕ್ಕೆ ಗ್ಯಾಲ್ವನೈಸ್ಡ್ ಮೊಳೆ ಹೊಡೆಯಿರಿ. ಕೆಲವು ತಾಮ್ರ, ಕೆಲವು ಕಬ್ಬಿಣ ಅಂತ ಬೆರೆಸಬೇಡಿ. ಒದ್ದೆ ಮರದಲ್ಲಿ ತಾಮ್ರದ ಪಕ್ಕದ ಕಬ್ಬಿಣ ಬೇಗ ತಿಂದುಹೋಗುತ್ತದೆ.

ಮರ ಕೊಳೆಯುವ ವಿಷಯದಲ್ಲಿ ಜನ ತಪ್ಪು ತಿಳಿದಿರುವುದು ಒಂದಿದೆ. ಕೆರೆ ನೀರು ಹೊರಗಿನಿಂದ ಕೊಳೆಸುತ್ತದೆ ಅಂತ. ಪೂರ್ತಿ ಮುಳುಗಿದ ಮರ ಅಷ್ಟು ಬೇಗ ಕೊಳೆಯುವುದಿಲ್ಲ, ಅಲ್ಲಿ ಗಾಳಿ ಇಲ್ಲ. ಕೊಳೆಸುವ ಶಿಲೀಂಧ್ರಕ್ಕೆ ಗಾಳಿಯೂ ಬೇಕು, ತೇವವೂ ಬೇಕು. ದೋಣಿಯೊಳಗೆ ನಿಂತ ಮಳೆ ನೀರು, ಅಡ್ಡಪಟ್ಟಿ ಕೆಳಗೆ ಸೇರಿದ ಕೆಸರು, ಬಲೆಯಿಂದ ಬಿದ್ದ ಜೊಂಡು, ಇವೇ ಶತ್ರು. ಮುಂಗಾರಿನಲ್ಲಿ ದೋಣಿ ಮೇಲೆ ತಾಡಪಾಲು ಎಳೆದು, ಪಕ್ಕದಲ್ಲಿ ಗಾಳಿ ಆಡುವುದಕ್ಕೆ ಬಿಟ್ಟರೆ ದುಬಾರಿ ಬಣ್ಣಕ್ಕಿಂತ ಹೆಚ್ಚು ಬಾಳಿಕೆ ಬರುತ್ತದೆ.

ಹಿರಿಯೂರು_ಮಾರಿಕಣಿವೆ
ಇದು ಸತ್ಯವಾದ ಮಾತು. ಅಡ್ಡಪಟ್ಟಿ ಕೆಳಗೆ ನೀರು ಹರಿಯುವುದಕ್ಕೆ ಚಿಕ್ಕ ಕಿಂಡಿ ಬಿಟ್ಟಿರುತ್ತಾರೆ. ಅದು ಕೆಸರಿನಿಂದ ಮುಚ್ಚಿದರೆ ಅಲ್ಲೇ ಮೊದಲು ಕೆಡುತ್ತದೆ. ಕಡ್ಡಿ ಹಾಕಿ ತೆಗೆಯಿರಿ.

ಜಗಳೂರು_ಗಾಳಿ
ಸಂದಿಗೆ ಏನು ಅಂತ ಯಾರೂ ಪೂರ್ತಿ ಹೇಳಲಿಲ್ಲ. ಸಿಲಿಕಾನ್ ಗನ್‌ನಲ್ಲಿ ಹೊಡೆದರೆ ಆಗುವುದಿಲ್ಲವೇ? ಬಚ್ಚಲುಮನೆಗೆ ಹೊಡೆಯುತ್ತಾರಲ್ಲ.

ಫೈಬರ್_ಹರಿಹರ
ಸಿಲಿಕಾನ್ ಬೇಡ. ಅದರ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ, ಕಿತ್ತು ಹಾಕಿದರೂ ಮರದಲ್ಲಿ ಅದರ ಜಿಡ್ಡು ಉಳಿಯುತ್ತದೆ, ಮುಂದೆ ಬೇರೆ ಸೀಲರ್ ಕೂಡ ಹಿಡಿಯುವುದಿಲ್ಲ. ನೀರಿನ ಕೆಳಗಿನ ಸಂದಿಗೆ ಪಾಲಿಸಲ್ಫೈಡ್ ಅಥವಾ ಪಾಲಿಯುರೆಥೇನ್ ಸೀಲಂಟ್. ಎರಡೂ ರಬ್ಬರಿನಂತೆ ಹಿಗ್ಗುತ್ತವೆ, ಮೇಲೆ ಬಣ್ಣ ಹೊಡೆಯಬಹುದು. ಪಾಲಿಸಲ್ಫೈಡ್ ಅನ್ನು ನೀರಿನ ಟ್ಯಾಂಕು, ಕಾಲುವೆಯ ಕಾಂಕ್ರೀಟ್ ಸಂದಿಗೂ ಬಳಸುತ್ತಾರೆ, ಹಾಗಾಗಿ ಸಿವಿಲ್ ಸಾಮಾನಿನ ಅಂಗಡಿಯಲ್ಲಿ ಕೇಳಿ. ಡಬ್ಬದ ಮೇಲೆ ಐಎಸ್ 12118 ಇದೆಯಾ ನೋಡಿ. ಎರಡು ಭಾಗ ಬರುತ್ತದೆ, ಬಣ್ಣ ಒಂದೇ ಆಗುವವರೆಗೆ ಕಲಸಬೇಕು, ಗೆರೆ ಗೆರೆ ಉಳಿದರೆ ಅಲ್ಲಿ ಗಟ್ಟಿಯಾಗುವುದೇ ಇಲ್ಲ.

ಬಡಗಿ_ಹೊನ್ನಾಳಿ
ಸೀಲಂಟ್‌ಗೆ ಮೊದಲು ಹತ್ತಿ. ಹತ್ತಿಗೆ ದಾವಣಗೆರೆಯಲ್ಲಿ ಬರ ಇಲ್ಲ, ಗಿರಣಿ ಎಲ್ಲ ಮುಚ್ಚಿದರೂ ನೂಲು ಸಿಗುತ್ತದೆ. ಸಡಿಲವಾಗಿ ಹೊಸೆದ ಹತ್ತಿ ಹುರಿಯನ್ನು ಮೊಂಡ ಉಳಿಯಲ್ಲಿ ಸಂದಿನೊಳಗೆ ಕೂರಿಸಿ. ಮೇಲೆ ತೆಳ್ಳಗಿನ ಪ್ರೈಮರ್ ಕುಡಿಸಿ. ಆಮೇಲೆ ಸೀಲಂಟ್, ಇಲ್ಲವೇ ಅಕ್ಕ ಹೇಳಿದ ರಾಳ.

ಇಲ್ಲಿ ಕೈ ತಡೆದು ಕೆಲಸ ಮಾಡಬೇಕು. ಬೇಸಿಗೆಯಲ್ಲಿ ಸಂದು ಬಾಯಿ ಬಿಟ್ಟಿದೆ ಅಂತ ಬಲವಾಗಿ ಬಡಿದು ತುಂಬಿದರೆ, ನೀರಿಗೆ ಇಳಿದಾಗ ಹಲಗೆ ಉಬ್ಬುವುದಕ್ಕೆ ಜಾಗ ಇರುವುದಿಲ್ಲ. ಮೊಳೆ ಕಿತ್ತುಬರುತ್ತದೆ, ಅಡ್ಡಪಟ್ಟಿಯೇ ಸೀಳಬಹುದು. ಎಂಸೀಲ್ ತುಂಬಿದವರ ದೋಣಿಯಲ್ಲಿ ಹಲಗೆಯ ಅಂಚು ಜಜ್ಜಿ ಹೋಗಿದ್ದನ್ನು ನಾನೇ ರಿಪೇರಿ ಮಾಡಿದ್ದೇನೆ. ಹತ್ತಿ ಹೆಬ್ಬೆರಳಿಗೆ ಗಟ್ಟಿ ಅನಿಸಿದರೆ ಸಾಕು.

ಕೆರೆದಂಡೆ_ಚನ್ನಗಿರಿ
ಹಾಗಾದರೆ ದೋಣಿ ಪೂರ್ತಿ ಒಣಗಿಸಿ ಮಾಡಬೇಕಾ, ಸ್ವಲ್ಪ ಒದ್ದೆ ಇರಬೇಕಾ?

ಬಡಗಿ_ಹೊನ್ನಾಳಿ
ಬಣ್ಣಕ್ಕೆ ಮರದಲ್ಲಿ ತೇವ ಶೇಕಡಾ 15ರ ಒಳಗೆ ಇದ್ದರೆ ಒಳ್ಳೆಯದು. ತೇವ ನೋಡುವ ಎರಡು ಮುಳ್ಳಿನ ಮೀಟರ್ ಬರುತ್ತದೆ. ಇಲ್ಲದಿದ್ದರೆ ರಾತ್ರಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಹಲಗೆಗೆ ಅಂಟಿಸಿ. ಬೆಳಿಗ್ಗೆ ಒಳಗೆ ಬೆವರಿದ್ದರೆ ಇನ್ನೂ ಕಾಯಿರಿ. ಆದರೆ ಬಿಸಿಲಿಗೆ ಬಿಟ್ಟು ಒಣಗಿಸಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಮತ್ತಿ ಸೀಳುತ್ತದೆ. ಮಾವಿನ ಮರದ ನೆರಳು, ಅಡಿಗೆ ಎರಡು ದಿಮ್ಮಿ, ಗಾಳಿ ಆಡಬೇಕು.

ಕೋಟೆಬೀದಿ_ದುರ್ಗ
ಫೆಬ್ರವರಿ ಒಳ್ಳೆಯ ಕಾಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ, ಮಟಮಟ ಮಧ್ಯಾಹ್ನ ಬೇಡ. ಕಾದ ಹಲಗೆ ಮೇಲೆ ಬಣ್ಣ ಹೊಡೆದರೆ ಮೇಲೆ ಮಾತ್ರ ಒಣಗಿ ಒಳಗೆ ಹಸಿ ಉಳಿದು ಗುಳ್ಳೆ ಬರುತ್ತದೆ. ನಮ್ಮ ದುರ್ಗದ ಗಾಳಿಯಲ್ಲಾದರೆ ಹಸಿ ಬಣ್ಣದ ಮೇಲೆ ಅರ್ಧ ಬೆಟ್ಟದ ಧೂಳು ಕೂರುತ್ತದೆ, ಮರೆ ಕಟ್ಟಿಕೊಳ್ಳಿ.

ಪೇಂಟರ್_ನಿಟ್ಟುವಳ್ಳಿ
ತಿಳಿ ಬಣ್ಣವೇ ಇರಲಿ. ಬಿಳಿ, ತಿಳಿ ಹಳದಿ, ತಿಳಿ ನೀಲಿ. ಕಪ್ಪು, ಕಡು ಹಸಿರು ಹೊಡೆದರೆ ಹಲಗೆ ಜಾಸ್ತಿ ಕಾದು ಸಂದು ಬೇಗ ಬಿಡುತ್ತದೆ. ಇದು ನನ್ನ ಕಡೆಯಿಂದ. ತಳದ ವಿಷಯದಲ್ಲಿ ಬಡಗಿ ಅವರ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೆ ಬಡಗಿ ಅವರೇ, ಎನಾಮಲ್ ತಳಕ್ಕೆ ಬೇಡ, ಎಪಾಕ್ಸಿ ಬೇಡ, ಡಾಂಬರು ಬೇಡ ಅಂದರೆ ಇವರು ಏನು ಹೊಡೆಯಬೇಕು? ಅದನ್ನು ಹೇಳಿ.

ಬಡಗಿ_ಹೊನ್ನಾಳಿ
ನ್ಯಾಯವಾದ ಪ್ರಶ್ನೆ. ತಳಕ್ಕೆ ಎರಡು ದಾರಿ. ಒಂದು ಗೇರೆಣ್ಣೆ ಅಥವಾ ಬಾಯ್ಲ್ಡ್ ಅಗಸೆ ಎಣ್ಣೆಗೆ ರಾಳ ಕರಗಿಸಿ ಹಚ್ಚುವುದು. ಚೆಂದ ಕಾಣುವುದಿಲ್ಲ, ವರ್ಷಕ್ಕೊಮ್ಮೆ ಹಚ್ಚಬೇಕು, ಆದರೆ ಕೆರೆಯುವ ಕೆಲಸವೇ ಇಲ್ಲ. ಹಳೆಯದರ ಮೇಲೆ ಉಜ್ಜಿ ಹಚ್ಚಿದರಾಯಿತು. ಇನ್ನೊಂದು, ನೀರಿನ ಕೆಳಗೆ ಬಳಸುವುದಕ್ಕೆಂದೇ ಬರುವ, ಎರಡು ಭಾಗ ಕಲಸಬೇಕಿಲ್ಲದ ಒಂದೇ ಡಬ್ಬದ ಮರೀನ್ ಬಣ್ಣ. ಮಂಗಳೂರು, ಮಲ್ಪೆ ಕಡೆಯ ಅಂಗಡಿಗಳಿಂದ ತರಿಸಬೇಕು. ಇವರಿಗೆ ಪ್ರತಿ ಬೇಸಿಗೆ ದೋಣಿ ದಡಕ್ಕೆ ಬರುವುದರಿಂದ ನಾನು ಎಣ್ಣೆ ದಾರಿಯನ್ನೇ ಹೇಳುತ್ತೇನೆ. ನೀರಿನ ಗೆರೆಯ ಮೇಲೆ ನಿಮ್ಮ ಎನಾಮಲ್ ಇರಲಿ, ಅಲ್ಲಿ ಅದಕ್ಕಿಂತ ಒಳ್ಳೆಯದು ಬೇಕಿಲ್ಲ.

ಒಳಗಡೆ ತಳಕ್ಕೆ ಬಣ್ಣವೇ ಬೇಡ, ಬರೀ ಎಣ್ಣೆ.

ಫೈಬರ್_ಹರಿಹರ
ಒಳಗೆ ಬಣ್ಣ ಬೇಡ ಅನ್ನುವುದನ್ನು ಒಪ್ಪುವುದಿಲ್ಲ. ಮೀನಿನ ರಕ್ತ, ಕೆಸರು ತೊಳೆಯುವುದಕ್ಕೆ ಬಣ್ಣ ಇದ್ದರೆ ಸುಲಭ.

ಬಡಗಿ_ಹೊನ್ನಾಳಿ
ಸುಲಭ ಹೌದು. ಆದರೆ ಹೊರಗೂ ಒಳಗೂ ಮುಚ್ಚಿದರೆ ಹಲಗೆಗೆ ಸೇರಿದ ತೇವ ಎಲ್ಲಿಂದ ಆರಬೇಕು? ಒಂದು ಕಡೆ ಉಸಿರಾಡಲಿ. ಓಡಾಡುವ ಕಡೆ ತೆಗೆದು ತೊಳೆಯುವಂಥ ಪಟ್ಟಿ ಹಲಗೆ ಹಾಸಿಕೊಳ್ಳಲಿ.

ಫೈಬರ್_ಹರಿಹರ
ಪಟ್ಟಿ ಹಲಗೆ ಒಳ್ಳೆಯ ಉಪಾಯ. ಆದರೂ ನಾನು ಒಂದು ತೆಳು ಕೋಟ್ ಹೊಡೆಯುವವನೇ.

ಕೆರೆದಂಡೆ_ಚನ್ನಗಿರಿ
ಸಾಗುವಾನಿ ಅಂಚಿಗೆ ಬಣ್ಣ ಬೇಡ, ಮರ ಕಾಣಬೇಕು ಅಂತ ಮಾವನ ಆಸೆ. ನಮ್ಮ ಊರಿನ ಪೀಠೋಪಕರಣದವರು ಫ್ರೆಂಚ್ ಪಾಲಿಶ್ ಮಾಡಿಕೊಡುತ್ತೇನೆ ಎಂದಿದ್ದಾರೆ.

ಮೇಷ್ಟ್ರು_ರಸಾಯನ
ಫ್ರೆಂಚ್ ಪಾಲಿಶ್ ಅಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ್ದು. ನೀರು ನಿಂತರೆ ಬೆಳ್ಳಗಾಗುತ್ತದೆ. ಕುರ್ಚಿಗೆ ಚೆಂದ, ದೋಣಿಗಲ್ಲ. ಮೆಲಮೈನ್ ಪಾಲಿಶ್ ಕೂಡ ಮನೆಯೊಳಗಿನದು, ಬಿಸಿಲಿಗೆ ಬಿರುಕು ಬಿಡುತ್ತದೆ.

ಕುಂದಾಪುರದ_ಸೊಸೆ
ದೋಣಿಗೆಂದೇ ಸ್ಪಾರ್ ವಾರ್ನಿಶ್ ಬರುತ್ತದೆ. ಬಿಸಿಲು ತಡೆಯುವ ಅಂಶ ಇರುತ್ತದೆ, ಸ್ವಲ್ಪ ಬಾಗುತ್ತದೆ ಕೂಡ. ಆದರೆ ಎರಡು ಕೋಟ್‌ಗೆ ಮುಗಿಯುವುದಿಲ್ಲ. ನಾಲ್ಕೈದು ತೆಳು ಕೋಟ್ ಬೇಕು, ನಡುನಡುವೆ 220 ನಂಬರ್ ಪೇಪರ್. ಸಾಗುವಾನಿ ಎಣ್ಣೆ ಮರ, ಮೊದಲ ಕೋಟ್ ಮುಂಚೆ ತಿನ್ನರ್ ಬಟ್ಟೆಯಲ್ಲಿ ಒರೆಸಿ, ಒರೆಸಿದ ಕೂಡಲೇ ಹಚ್ಚಿ. ಹೊಳಪು ಕುಂದಿದಾಗಲೇ ಮತ್ತೊಂದು ಕೋಟ್ ಕೊಡಿ, ಸಿಪ್ಪೆ ಏಳುವವರೆಗೆ ಕಾದರೆ ಪೂರ್ತಿ ಕೆರೆಯಬೇಕು.

ಕೆರೆದಂಡೆ_ಚನ್ನಗಿರಿ
ಎಲ್ಲರಿಗೂ ಕೈ ಮುಗಿದೆ. ಫೈಬರ್ ಬೇಡ, ಎಪಾಕ್ಸಿ ಬೇಡ ಅಂತ ಮನೆಯಲ್ಲಿ ಹೇಳಿದ್ದೇನೆ. ಅಳಿಯ ಸ್ವಲ್ಪ ಮುನಿಸಿಕೊಂಡಿದ್ದಾನೆ. ಕೊಳೆತ ಹಲಗೆ ಬದಲಾಯಿಸಿ, ಹತ್ತಿ, ಪಾಲಿಸಲ್ಫೈಡ್, ತಳಕ್ಕೆ ಗೇರೆಣ್ಣೆ, ಮೇಲೆ ಬಿಳಿ ಎನಾಮಲ್. ಸಾಗುವಾನಿಗೆ ವಾರ್ನಿಶ್. ಗೇರೆಣ್ಣೆ ಮೇಲೆ ಪಾಲಿಸಲ್ಫೈಡ್ ಹಿಡಿಯುತ್ತದಾ ಅಂತ ಒಂದು ಸಂಶಯ.

ಬಡಗಿ_ಹೊನ್ನಾಳಿ
ಎಣ್ಣೆ ಮೇಲೆ ಹಿಡಿಯುವುದಿಲ್ಲ. ಕ್ರಮ ತಿರುಗಿಸಿ. ಸಂದಿಗೆ ಮೊದಲು ಹತ್ತಿ, ಪ್ರೈಮರ್, ಸೀಲಂಟ್. ಅದು ಪೂರ್ತಿ ಗಟ್ಟಿಯಾಗಲಿ, ವಾರ ಬಿಡಿ. ಆಮೇಲೆ ಹಲಗೆಗೆ ಎಣ್ಣೆ. ನೀರಿಗೆ ಇಳಿಸುವ ಮೊದಲು ಒದ್ದೆ ಗೋಣಿ ಚೀಲ ಒಳಗೆ ಹಾಸಿ, ಎರಡು ಮೂರು ದಿನ ನೀರು ಚಿಮುಕಿಸುತ್ತಾ ಇರಿ, ಹಲಗೆ ನಿಧಾನ ಉಬ್ಬಲಿ. ಇಳಿಸಿದ ಮೊದಲ ದಿನ ಸ್ವಲ್ಪ ನೀರು ಬರುತ್ತದೆ, ಗಾಬರಿ ಬೇಡ. ದಡದ ಹತ್ತಿರವೇ ಕಟ್ಟಿ, ಚೊಂಬಿನಲ್ಲಿ ಎತ್ತಿ ಹಾಕುತ್ತಾ ಇರಿ.

ಜಗಳೂರು_ಗಾಳಿ
ಹುಟ್ಟಿಗೂ ಉಳಿದ ವಾರ್ನಿಶ್ ಹೊಡೆದುಬಿಡಬಹುದಾ?

ಕುಂದಾಪುರದ_ಸೊಸೆ
ಎಲೆ ಭಾಗಕ್ಕೆ, ಕೋಲಿಗೆ ಹೊಡೆಯಿರಿ. ಕೈ ಹಿಡಿಯುವ ಕಡೆ ಬೇಡ, ಅಂಗೈಯಲ್ಲಿ ಗುಳ್ಳೆ ಬರುತ್ತದೆ. ಅಲ್ಲಿ ಬರಿ ಮರ ಇರಲಿ, ಆಗಾಗ ಅಗಸೆ ಎಣ್ಣೆ ಒರೆಸಿದರೆ ಸಾಕು. ಗೇರೆಣ್ಣೆ ಮಾತ್ರ ಅಲ್ಲಿ ಹಚ್ಚಬೇಡಿ.